ಪಂಚಗಂಗೆಯ ಮೀನಿಗಾಗಿ ಯಾರೆಲ್ಲ ಕೂತು ಮಾತಾಡಬೇಕು?

ಬೇಸಿಗೆ ಬಂತೆಂದರೆ ಕೋಲ್ಹಾಪುರ ಜಿಲ್ಲೆ ಶಿರೋಳ ತಾಲ್ಲೂಕಿನ ತೇರವಾಡ ಬಾಂದಾರದ, ಅಂದರೆ ಹೊಳೆಗೆ ಅಡ್ಡ ಕಟ್ಟಿದ ಒಡ್ಡಿನ, ಕಡೆಯಿಂದ ಮತ್ತೆ ಮತ್ತೆ ಅದೇ ಸುದ್ದಿ: ಪಂಚಗಂಗೆಯಲ್ಲಿ ಮೀನು ಸತ್ತು ತೇಲುತ್ತಿವೆ. ದಡದ ಊರಿನವರು ದೂರು ಕೊಡುತ್ತಾರೆ, ಮಾಲಿನ್ಯ ನಿಯಂತ್ರಣ ಮಂಡಳಿಯವರು ಬಂದು ನೀರಿನ ಮಾದರಿ ಒಯ್ಯುತ್ತಾರೆ. ನದಿಯನ್ನೇ ನಂಬಿದ ಭೋಯಿ ಮೀನುಗಾರ ಕುಟುಂಬಗಳಿಗೆ ನಷ್ಟ ಎರಡು ಸಲ ಆಗುತ್ತದೆ. ಹಿಡಿಯಬೇಕಿದ್ದ ಮೀನು ಹೋಗುತ್ತದೆ; ಉಳಿದದ್ದನ್ನು ಹಿಡಿದು ತಂದರೆ ಸಂತೆಯಲ್ಲಿ ಕೊಳ್ಳಲು ಜನ ಹೆದರುತ್ತಾರೆ.

ಕಾಸಾರಿ, ಕುಂಭಿ, ತುಳಸಿ, ಭೋಗಾವತಿ ಕೂಡಿ ಪಂಚಗಂಗೆಯಾಗುತ್ತದೆ. ಐದನೆಯವಳು ಗುಪ್ತಗಾಮಿನಿ ಸರಸ್ವತಿ ಎಂಬುದು ನಂಬಿಕೆ. ಸಹ್ಯಾದ್ರಿಯಿಂದ ಇಳಿದ ಈ ನೀರಿಗೆ ಕೋಲ್ಹಾಪುರದಲ್ಲಿ ಜಯಂತಿ ನಾಲೆಯ ಹೊಲಸು ಸೇರುತ್ತದೆ. ಮುಂದೆ ಮಗ್ಗಗಳ ಊರು ಇಚಲಕರಂಜಿ. ನೂಲಿಗೆ ಬಣ್ಣ ಹಾಕುವ, ಬಟ್ಟೆ ಸಂಸ್ಕರಿಸುವ ಘಟಕಗಳ ನೀರೂ ಊರಿನ ಚರಂಡಿಯೂ ಇಲ್ಲಿ ಹೊಳೆಯ ಪಾಲಾಗುತ್ತವೆ. ಸಕ್ಕರೆ ಕಾರ್ಖಾನೆಗಳದು ಇನ್ನೊಂದು ಪಾಲು. ನರಸೋಬಾ ವಾಡಿಯಲ್ಲಿ ಪಂಚಗಂಗೆ ಕೃಷ್ಣೆಯನ್ನು ಕೂಡುತ್ತದೆ. ಮಳೆಗಾಲದ ಸುದ್ದಿಗಳಲ್ಲಿ ಬೆಳಗಾವಿಯವರು ದಿನವೂ ಕೇಳುವ ರಾಜಾಪುರ ಬ್ಯಾರೇಜ್ ದಾಟಿದರೆ ಆ ನೀರು ಕರ್ನಾಟಕದ್ದು.

ಮೀನು ಸಾಯುವ ಬಗೆ ತಿಳಿಯಬೇಕಾದರೆ ಬಾಂದಾರದ ಕೆಲಸ ತಿಳಿಯಬೇಕು. ದೇಶದ ಎಂಜಿನಿಯರುಗಳು 'ಕೋಲ್ಹಾಪುರ ಮಾದರಿ' ಎಂದೇ ಕರೆಯುವ ಈ ಒಡ್ಡುಗಳಿಗೆ ತೆಗೆದು ಹಾಕಬಹುದಾದ ಹಲಗೆಗಳಿರುತ್ತವೆ. ಮಳೆಗಾಲಕ್ಕೆ ಮೊದಲು ಹಲಗೆ ತೆಗೆದರೆ ಪ್ರವಾಹ ಸರಾಗವಾಗಿ ಹರಿಯುತ್ತದೆ. ಮಳೆ ನಿಂತ ಮೇಲೆ ಮತ್ತೆ ಹಾಕಿದರೆ ಕಬ್ಬಿಗೂ ಕುಡಿಯುವುದಕ್ಕೂ ನೀರು ನಿಲ್ಲುತ್ತದೆ. ಆದರೆ ನಿಂತ ನೀರಿನಲ್ಲಿ ಹೊಲಸೂ ನಿಲ್ಲುತ್ತದೆ. ಅದು ಕೊಳೆಯುವಾಗ ನೀರಿನಲ್ಲಿ ಕರಗಿದ ಆಮ್ಲಜನಕವನ್ನು ತಿಂದುಹಾಕುತ್ತದೆ. ಮೀನುಗಾರಿಕೆಗೆ ಯೋಗ್ಯವಾದ ನೀರಿನಲ್ಲಿ ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ ಆಮ್ಲಜನಕ ಇರಬೇಕೆಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾನದಂಡ ಹೇಳುತ್ತದೆ. ಅದು ತೀರಾ ಕುಸಿದಾಗ, ಮೇಲಕ್ಕೂ ಕೆಳಕ್ಕೂ ಹೋಗಲಾರದ ಮೀನು ಒಡ್ಡಿನ ಹಿಂದೆಯೇ ಉಸಿರುಗಟ್ಟಿ ಸಾಯುತ್ತದೆ.

ಮನುಷ್ಯರೂ ಸತ್ತಿದ್ದಾರೆ. 2012ರಲ್ಲಿ ಇಚಲಕರಂಜಿಯಲ್ಲಿ ಕಲುಷಿತ ನೀರಿನಿಂದ ಕಾಮಾಲೆ ಹಬ್ಬಿ ಹಲವರು ಪ್ರಾಣ ಕಳೆದುಕೊಂಡರು.

ಹಾಗಾಗಿ ಪಂಚಗಂಗೆಗೆ ಮೀನುಗಾರಿಕೆ ಯೋಜನೆ ಮಾಡುವುದೆಂದರೆ ಮೀನುಗಾರಿಕೆ ಇಲಾಖೆಯೊಂದರಿಂದ ಆಗುವ ಕೆಲಸವಲ್ಲ. ಮರಿ ಬಿಡುವುದು ಆ ಇಲಾಖೆಯ ಕೈಯಲ್ಲಿದೆ. ಹಲಗೆ ಹಾಕುವುದು, ಅಣೆಕಟ್ಟಿನಿಂದ ನೀರು ಬಿಡುವುದು ನೀರಾವರಿ ಇಲಾಖೆಯ ಕೈಯಲ್ಲಿ, ಚರಂಡಿ ನಗರಾಡಳಿತದ ಕೈಯಲ್ಲಿ, ಬಣ್ಣದ ನೀರು ಉದ್ಯಮಿಗಳ ಕೈಯಲ್ಲಿ. ಇವರೆಲ್ಲರೂ ಮೀನುಗಾರರ ಎದುರು ಕೂತು ಒಪ್ಪಿಕೊಳ್ಳದ ಯೋಜನೆ ಕಡತದಲ್ಲೇ ಉಳಿಯುತ್ತದೆ.

ಮೀನುಗಾರರೂ ಒಪ್ಪಿಕೊಳ್ಳಬೇಕಾದದ್ದಿದೆ. ನಮ್ಮ ಹೊಳೆಮೀನುಗಳಲ್ಲಿ ಹೆಚ್ಚಿನವು ಮಳೆಗಾಲದ ಹೊಸ ನೀರಿಗೆ ಮೊಟ್ಟೆಯಿಡುತ್ತವೆ. ಆಗಲೇ ಬಲೆ ಬೀಸಿದರೆ, ಸಣ್ಣ ಕಣ್ಣಿನ ಬಲೆಯಲ್ಲಿ ಮರಿಗಳನ್ನೂ ಬಾಚಿದರೆ ಮುಂದಿನ ವರ್ಷದ ಮೀನು ಇಂದೇ ಮುಗಿಯುತ್ತದೆ. ವಿಷ ಹಾಕಿ, ಸಿಡಿಮದ್ದು ಸಿಡಿಸಿ ಮೀನು ಹಿಡಿಯುವುದನ್ನು 1897ರ ಭಾರತೀಯ ಮೀನುಗಾರಿಕೆ ಕಾಯ್ದೆಯೇ ನಿಷೇಧಿಸಿದೆ. ಆದರೆ ಉದ್ದಾನುದ್ದದ ಹೊಳೆಯನ್ನು ರಾತ್ರಿಯಿಡೀ ಕಾಯಲು ಯಾವ ಇಲಾಖೆಗೂ ಸಾಧ್ಯವಿಲ್ಲ. ದಡದಲ್ಲಿ ಬದುಕುವವರು ನಿಯಮವನ್ನು ತಮ್ಮದೆಂದುಕೊಂಡರೆ ಮಾತ್ರ ಅದು ನಡೆಯುತ್ತದೆ.

ಹೀಗೆ ನಡೆದದ್ದಕ್ಕೆ ಕೇರಳದ ಕೊಲ್ಲಂ ಬಳಿಯ ಅಷ್ಟಮುಡಿ ಸರೋವರ ಸಾಕ್ಷಿ. ಅಲ್ಲಿ ಚಿಪ್ಪುಮೀನು ಬರಿದಾಗತೊಡಗಿದಾಗ ಸಂತಾನೋತ್ಪತ್ತಿಯ ಸಮಯವಾದ ಡಿಸೆಂಬರಿನಿಂದ ಫೆಬ್ರವರಿವರೆಗೆ ಹಿಡಿಯುವುದನ್ನು ನಿಲ್ಲಿಸಲಾಯಿತು. ಬಲೆಯ ಕಣ್ಣಿಗೂ ರಫ್ತಾಗುವ ಚಿಪ್ಪಿನ ಗಾತ್ರಕ್ಕೂ ಮಿತಿ ಬಂತು. ಮೀನುಗಾರರು, ರಫ್ತುದಾರರು, ವಿಜ್ಞಾನಿಗಳು, ಸರ್ಕಾರಿ ಅಧಿಕಾರಿಗಳು ಒಂದೇ ಮಂಡಳಿಯಲ್ಲಿ ಸೇರಿದರು. 2014ರಲ್ಲಿ ಮೆರೈನ್ ಸ್ಟೀವರ್ಡ್‌ಶಿಪ್ ಕೌನ್ಸಿಲ್ ಇದಕ್ಕೆ ಸುಸ್ಥಿರತೆಯ ಪ್ರಮಾಣಪತ್ರ ಕೊಟ್ಟಿತು. ಭಾರತಕ್ಕೆ ಅದೇ ಮೊದಲನೆಯದು.

ಗಡಹಿಂಗ್ಲಜದ ಹಿರಣ್ಯಕೇಶಿಗೂ ಇಂಥದೇ ಮಾತುಕತೆ ಬೇಕು. ಈ ನದಿ ಹುಟ್ಟುವ ಅಂಬೋಲಿಯಲ್ಲಿ 2020ರಲ್ಲಿ ಹೊಸದೊಂದು ಪುಟ್ಟ ಮೀನು ಪತ್ತೆಯಾಯಿತು. ಅದಕ್ಕೆ ವಿಜ್ಞಾನಿಗಳು 'ಶಿಸ್ಟುರಾ ಹಿರಣ್ಯಕೇಶಿ' ಎಂದು ಹೆಸರಿಟ್ಟರು. ಮರುವರ್ಷವೇ ಮಹಾರಾಷ್ಟ್ರ ಸರ್ಕಾರ ಆ ತಾಣವನ್ನು ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಿತು. ಮೂಲಕ್ಕೆ ಸಿಕ್ಕ ಈ ಕಾಳಜಿ ಆಜರಾ, ಗಡಹಿಂಗ್ಲಜ ದಾಟಿ ಸಂಕೇಶ್ವರದವರೆಗೂ ಬರಬೇಕು. ಅಲ್ಲಿಗೆ ನದಿ ರಾಜ್ಯವನ್ನೇ ಬದಲಿಸಿರುತ್ತದೆ. ಗಡಿಯ ಒಂದು ಕಡೆ ಬಲೆಗೆ ನಿಷೇಧವಿದ್ದು ಇನ್ನೊಂದು ಕಡೆ ಇಲ್ಲದಿದ್ದರೆ ಎರಡೂ ಕಡೆಯ ಮೀನುಗಾರರಿಗೆ ಅನ್ಯಾಯವೇ.

ಮೊದಲ ಸಭೆಗೆ ಕೋಲ್ಹಾಪುರ ಮತ್ತು ಬೆಳಗಾವಿಯ ಜಿಲ್ಲಾಧಿಕಾರಿಗಳು ಒಟ್ಟಿಗೆ ಕರೆ ಕೊಡಬಹುದು. ಮರಾಠಿ, ಕನ್ನಡ ಎರಡರಲ್ಲೂ ಮಾತು ನಡೆಯಲಿ. ಮೀನು ಮಾರುವ ಹೆಂಗಸರಿಗೂ ಕುರ್ಚಿ ಇರಲಿ. ಯಾವ ಮೀನು ಸಂತೆಯಿಂದ ಮರೆಯಾಯಿತು, ಎಂದಿನಿಂದ ಮರೆಯಾಯಿತು ಎಂದು ಹೇಳಬಲ್ಲವರು ಅವರು. ಬಾಂದಾರಗಳ ಹಿಂದೆ ಆಮ್ಲಜನಕವನ್ನು ಅಳೆದು ಅಂಕಿಗಳನ್ನು ಗ್ರಾಮ ಪಂಚಾಯಿತಿಯ ಫಲಕದಲ್ಲಿ ಬರೆಯುವುದು, ಅಂಕಿ ಇಳಿದಾಗ ಮೇಲಿನಿಂದ ಎಷ್ಟು ನೀರು ಬಿಡಬೇಕೆಂದು ಮೊದಲೇ ಗೊತ್ತುಮಾಡುವುದು ಆ ಸಭೆಯ ಮೊದಲ ಎರಡು ವಿಷಯಗಳಾಗಬೇಕು. ಫೆಬ್ರವರಿಯೊಳಗೆ ಇದು ಮುಗಿದರೆ, ಅದೇ ಬೇಸಿಗೆಯ ನೀರು ಹಂಚಿಕೆಯ ವೇಳಾಪಟ್ಟಿಯಲ್ಲಿ ಮೀನಿನ ಪಾಲನ್ನೂ ಸೇರಿಸಲು ನೀರಾವರಿ ಇಲಾಖೆಗೆ ಸಮಯ ಸಿಗುತ್ತದೆ.