ತೀರ್ವೆ ಕಟ್ಟಿದವರ ಮತಪೆಟ್ಟಿಗೆ

ಕುಮಟೆಯಿಂದ ಶಿರಸಿಗೆ ಹೋಗುವ ಹಾದಿಯಲ್ಲಿ, ಮಳೆಗಾಲದ ಚಂಡಿಕಾ ಹೊಳೆಯು ಉಕ್ಕಿದಾಗಲೆಲ್ಲ ರಸ್ತೆಯನ್ನು ಕಳೆದುಕೊಳ್ಳುವ ಕತಗಾಲವು, ಪರಾಧೀನ ಕಾಲದ ಕೇಂದ್ರ ಶಾಸನಸಭೆಯ ದಫ್ತರದಲ್ಲಿ ‘ಮುಂಬಯಿ ದಕ್ಷಿಣ ವಿಭಾಗ, ಮುಸಲ್ಮಾನೇತರ ಗ್ರಾಮಾಂತರ’ ಎಂಬ ಉದ್ದನೆಯ ಹೆಸರಿನ ಕ್ಷೇತ್ರಕ್ಕೆ ಸೇರಿತ್ತು. ಬೆಳಗಾವಿಯ ದತ್ತಾತ್ರೇಯ ವೆಂಕಟೇಶ ಬೆಳವಿಯವರು 1920ರ ದಶಕದಲ್ಲಿ ಅದರ ಪ್ರತಿನಿಧಿಯಾಗಿದ್ದರು. ಮುಸಲ್ಮಾನರಾದ ಭಟ್ಕಳದ ನವಾಯತರಿಗೆ ಈ ಕ್ಷೇತ್ರದಲ್ಲಿ ಮತವಿರಲಿಲ್ಲ. ಅವರ ಪಟ್ಟಿಯೇ ಪ್ರತ್ಯೇಕ.

ಪ್ರಾಂತದ ವಿಧಾನ ಪರಿಷತ್ತಿಗೆ ಹಳ್ಳಿಯವನು ಮತ ಕೊಡಬೇಕಾದರೆ ಸಾಮಾನ್ಯವಾಗಿ 32 ರೂಪಾಯಿ ತೀರ್ವೆಯ ಭೂಮಿ ಬೇಕಾಗಿತ್ತು. ಎರಡು ಗದ್ದೆಯ ಗೇಣಿ ರೈತನೂ, ತೋಟದಲ್ಲಿ ಅಡಕೆಕೊನೆ ಹೊತ್ತ ಆಳೂ ಆ ಪಟ್ಟಿಯಿಂದ ಹೊರಗೆ. ಸದಸ್ಯನು ತೀರಿಕೊಂಡು ಉಪಚುನಾವಣೆ ನಡೆದರೂ ಅದೇ ಕೆಲವರೇ ಮತ್ತೊಮ್ಮೆ ಮತಗಟ್ಟೆಗೆ ನಡೆಯಬೇಕು. 1934ರಲ್ಲಿ ಆಯ್ಕೆಯಾದ ಕೇಂದ್ರಸಭೆಯನ್ನು 1945ರವರೆಗೂ ಮುಂದುವರಿಸಿದ್ದರಿಂದ, ತೆರವಾದ ಸ್ಥಾನಗಳಿಗೆ ಉಪಚುನಾವಣೆಯೊಂದೇ ಗತಿಯಾಗಿತ್ತು.

ಆದರೆ ಈ ವಿಷಯದತ್ತ ನನ್ನನ್ನು ಸೆಳೆದವರು ಗಡಿಯಾಚೆಯ ಒಬ್ಬ ಮಹಿಳೆ. 1862ರಲ್ಲಿ ಉತ್ತರ ಕನ್ನಡವು ಮುಂಬಯಿಗೆ ಹೋಗಿ, ಕುಂದಾಪುರದಿಂದ ತೆಂಕಣ ಭಾಗವು ಮದ್ರಾಸಿನಲ್ಲಿಯೇ ಉಳಿದುದರಿಂದ, ಒಂದೇ ಕರಾವಳಿಯ ನೆಂಟರಿಷ್ಟರು ಎರಡು ಕಾನೂನುಗಳ ಮತದಾರರಾದರು. ಆ ಮದ್ರಾಸು ಪರಿಷತ್ತಿಗೆ 1926ರಲ್ಲಿ ಮಂಗಳೂರಿನ ಮಗಳು ಕಮಲಾದೇವಿ ಚಟ್ಟೋಪಾಧ್ಯಾಯರು ಉಮೇದುವಾರರಾಗಿ ನಿಂತರು. ವಯಸ್ಸು 23. ಬಾಲ್ಯದಲ್ಲಿಯೇ ವೈಧವ್ಯವನ್ನು ಕಂಡು, ಅನಂತರ ಹರೀಂದ್ರನಾಥರನ್ನು ಮದುವೆಯಾಗಿ ಸಮಾಜದ ಕೆಂಗಣ್ಣಿಗೆ ಗುರಿಯಾಗಿದ್ದವರು, ಐರಿಷ್ ಮಹಿಳೆ ಮಾರ್ಗರೆಟ್ ಕಸಿನ್ಸರ ಒತ್ತಾಸೆಯಿಂದ, ಸ್ತ್ರೀಯರಿಗೆ ಸ್ಪರ್ಧಿಸುವ ಹಕ್ಕು ಬಂದ ಬೆನ್ನಿಗೇ, ತೀರ್ವೆ ಕಟ್ಟುವ ಗಂಡಸರೇ ತುಂಬಿದ್ದ ಮತದಾರವರ್ಗದ ಮುಂದೆ ನಿಂತು ಮತ ಕೇಳಿದರೆಂಬುದನ್ನು ನೆನೆದಾಗ, ಪ್ರಚಾರಕ್ಕೆ ದೊರೆತುದು ಕೆಲವೇ ದಿವಸಗಳಾದರೂ ಅತ್ಯಲ್ಪ ಮತಗಳ ಅಂತರದಿಂದ ಮಾತ್ರ ಸೋತರೆಂಬುದು ನನಗೆ ಗೆಲುವಿಗಿಂತ ದೊಡ್ಡದಾಗಿ ಕಾಣುತ್ತದೆ. ಭಾರತದಲ್ಲಿ ಶಾಸನಸಭೆಗೆ ಸ್ಪರ್ಧಿಸಿದ ಮೊದಲ ಮಹಿಳೆಯೆಂದು ಅವರನ್ನು ಗುರುತಿಸುತ್ತಾರೆ. 1930ರ ಏಪ್ರಿಲಿನಲ್ಲಿ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆದಾಗ, ಇವರು ಮುಂಬಯಿಯ ಬೀದಿಗಳಲ್ಲಿ ಉಪ್ಪು ಮಾರುತ್ತಿದ್ದರು.

1937ರ ಹೊತ್ತಿಗೆ ಮುಂಬಯಿ ಪ್ರಾಂತದಲ್ಲಿ ತೀರ್ವೆಯ ಮಿತಿ 8 ರೂಪಾಯಿಗೆ ಇಳಿಯಿತು. ಅಕ್ಷರ ಬಲ್ಲ ಹೆಂಗಸರೂ ಪಟ್ಟಿಗೆ ಸೇರಿದರು. ಗಡಿಯ ವೈಚಿತ್ರ್ಯವು ಆಗಲೂ ಅಳಿಯಲಿಲ್ಲ. ಮದ್ರಾಸಿನ ಕಡೆಯವರು ಕಾಂಗ್ರೆಸ್ಸಿನ ಹಳದಿ ಪೆಟ್ಟಿಗೆಯನ್ನು ಹುಡುಕಿ ಚೀಟಿ ಹಾಕಿದರೆ, ಮುಂಬಯಿಯ ಬಹುಸದಸ್ಯ ಕ್ಷೇತ್ರಗಳಲ್ಲಿ ಮತದಾರನು ತನ್ನ ಪಾಲಿನ ಮತಗಳನ್ನೆಲ್ಲ ಒಬ್ಬನಿಗೇ ಸುರಿಯಬಹುದಾಗಿತ್ತು. ಅಲ್ಪಸಂಖ್ಯಾತರಿಗೆ ಇದರಿಂದ ಬಲ ಬರುತ್ತಿತ್ತಾದರೂ, ಹೊಸದಾಗಿ ಮತಗಟ್ಟೆಗೆ ಬಂದ ಹಳ್ಳಿಗನಿಗೆ ಇದನ್ನು ತಿಳಿಯಹೇಳುವುದು ಸುಲಭವಾಗಿದ್ದಿರಲಾರದು.

1952ರ ಮಹಾಚುನಾವಣೆಯಲ್ಲಿ ಉಡುಪಿ ಕಡೆಯ ಜೋಕಿಂ ಆಳ್ವರು ಉತ್ತರ ಕನ್ನಡದಿಂದ ಲೋಕಸಭೆಗೆ ಗೆದ್ದರು. ಆ ಸಲ ಕತಗಾಲದಲ್ಲಿ ಯಾರ ತೀರ್ವೆಯ ರಸೀದಿಯನ್ನೂ ಕೇಳಲಿಲ್ಲ. ಅದೇ ವರ್ಷ ಕಮಲಾದೇವಿಯವರು ಅಖಿಲ ಭಾರತ ಕರಕುಶಲ ಮಂಡಲಿಯ ಅಧ್ಯಕ್ಷರಾದರು. ಗುಡಿಗಾರರ ಶ್ರೀಗಂಧದ ಕೆತ್ತನೆಗೆ ಹೆಸರಾದ ಈ ಜಿಲ್ಲೆಯಲ್ಲಿ ಅವರನ್ನು ಕರಕುಶಲಗಳ ಪೋಷಕಿಯೆಂದು ಬಲ್ಲವರು ಇಂದಿಗೂ ಸಿಗುತ್ತಾರೆ. ಪಕ್ಕದ ಪ್ರಾಂತದಲ್ಲಿ ಒಮ್ಮೆ ಮತ ಕೇಳಿ ನಿಂತಿದ್ದ ತರುಣಿಯೆಂದು ಬಲ್ಲವರು ಅಪರೂಪ.