ಹೆಸರಿಲ್ಲದ ಗದ್ದುಗೆಗಳು

ವಂಶದ ಮೂಲವನ್ನು ಹುಡುಕಹೊರಟವನಿಗೆ ಮಲೆನಾಡಿನಷ್ಟು ಮುಚ್ಚಿಕೊಂಡಿರುವ ಸೀಮೆ ಬೇರೊಂದಿರಲಾರದು. ಇಂಗ್ಲೆಂಡಿನ ಹಳ್ಳಿಯವನು ಇಗರ್ಜಿಯ ಅಂಗಳದಲ್ಲಿ ಪಾಚಿ ಹಿಡಿದ ಕಲ್ಲನ್ನುಜ್ಜಿ ಮುತ್ತಜ್ಜನ ಹೆಸರನ್ನೂ ಸತ್ತ ವರ್ಷವನ್ನೂ ಓದಿಕೊಂಡಾನು. ನಮ್ಮ ಬಯಲುಸೀಮೆಯ ಒಕ್ಕಲಿನ ಮನೆಗೆ, ಸುಗ್ಗಿ ಮುಗಿದ ಮೇಲೆ, ಹೆಳವನು ಎತ್ತನ್ನೇರಿ ಗಂಟೆ ಬಾರಿಸುತ್ತ ಬಂದು ತಲೆಮಾರುಗಳನ್ನು ಒಪ್ಪಿಸಿ ಕಾಳುಕಡಿ ಪಡೆದು ಹೋಗುವುದುಂಟು. ಆಗುಂಬೆಯ ಮಗ್ಗುಲಿನ ನಮ್ಮ ಅಂಗಳಕ್ಕೆ ಹೆಳವನು ಬಂದುದನ್ನು ಕಂಡವರಿಲ್ಲ. ಇಲ್ಲಿ ಹೆಣವನ್ನು ಸುಡುವವರ ಮನೆಗಳು ಬಹಳ. ಹೂಳುವವರೂ ಕಲ್ಲಿನ ಮೇಲೆ ಹೆಸರು ಕೊರೆಯಿಸಿದವರಲ್ಲ. ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಹೊಯ್ಯುವ ನೆಲದಲ್ಲಿ ಮಣ್ಣಿನ ದಿಬ್ಬವೊಂದು ಎಷ್ಟು ಕಾಲ ದಿಬ್ಬವಾಗಿ ನಿಂತೀತು?

ನಮ್ಮದು ಹೂಳುವ ಮನೆತನ. ವೀರಶೈವರ ಪದ್ಧತಿಯಂತೆ ಸತ್ತವರನ್ನು ಕುಳಿತ ಭಂಗಿಯಲ್ಲಿರಿಸಿ, ಅಂಗೈಯಲ್ಲಿ ಇಷ್ಟಲಿಂಗವನ್ನಿಟ್ಟು, ವಿಭೂತಿ ಬಿಲ್ವಪತ್ರೆಗಳೊಡನೆ ಮಣ್ಣು ಮಾಡುತ್ತೇವೆ. ಅಡಕೆಯ ತೋಟ ಮುಗಿದು ಸೊಪ್ಪಿನಬೆಟ್ಟ ಮೊದಲಾಗುವ ಕಡೆ ಜಂಬಿಟ್ಟಿಗೆ ಕಲ್ಲಿನ ಒಂಬತ್ತು ಗದ್ದುಗೆಗಳಿವೆ. ಅವು ಯಾರಯಾರವೆಂಬುದು ಎಂಬತ್ತು ದಾಟಿದ ದೊಡ್ಡಪ್ಪನವರೊಬ್ಬರಿಗೆ ಗೊತ್ತು. ಕಳೆದ ಬೇಸಗೆಯಲ್ಲಿ ಅವರನ್ನು ಮೆಲ್ಲನೆ ನಡೆಸಿಕೊಂಡು ಹೋಗಿ, ನೋಟುಪುಸ್ತಕ ಹಿಡಿದು ನಿಂತೆ.

ಅಜ್ಜನ ಹೆಸರನ್ನು ಮೊಮ್ಮಗನಿಗಿಡುವ ರೂಢಿಯಿಂದಾಗಿ ನಮ್ಮಲ್ಲಿ ಗಂಡಸರಿಗೆ ಇನ್ನೂರು ವರ್ಷ ಎರಡೇ ಹೆಸರುಗಳು ಒಂದರ ಬೆನ್ನಿಗೆ ಒಂದು ತಿರುಗಿವೆ. ದೊಡ್ಡಪ್ಪನವರು ಕೋಲು ತೋರಿಸಿ ಹೆಸರು ಹೇಳಿದರೆ, ಆ ಹೆಸರಿನ ಮೂವರಲ್ಲಿ ಯಾರೆಂದು ತಿಳಿಯುವುದೇ ಕಷ್ಟ. ತಾಲ್ಲೂಕು ಕಚೇರಿಯ ಹಳೆಯ ಖಾತೆಗಳ ನಕಲು ತರಿಸಿದ ಮೇಲೆ ಗಂಡಸರ ಲೆಕ್ಕ ಒಂದು ಹದಕ್ಕೆ ಬಂತು: ಹೆಸರು ಒಂದೇ ಆದರೂ ಖಾತೆ ಬದಲಾದ ವರ್ಷ ಬೇರೆ. 1763ರಲ್ಲಿ ಹೈದರಲಿಯು ಬಿದನೂರನ್ನು ಹಿಡಿದಾಗ ನಮ್ಮವರು ಅಲ್ಲಿಂದ ಓಡಿಬಂದರೆಂದು ಮನೆಯಲ್ಲಿ ಹೇಳಿಕೆಯಿದೆ. ಐವರು ಗಂಡಸರ ಗದ್ದುಗೆಗಳನ್ನು ಎಷ್ಟು ಹಿಗ್ಗಿಸಿ ಎಣಿಸಿದರೂ ಒಂದು ತಲೆಮಾರು ಕಡಿಮೆ ಬೀಳುತ್ತದೆ. ಓಡಿಬಂದ ಆ ಮೊದಲಿಗನನ್ನು ಎಲ್ಲಿ ಹೂಳಿದರು? ದೊಡ್ಡಪ್ಪನವರು ಬೆಟ್ಟದೊಳಗಿನ ಮುದಿ ದೇವಕಣಗಿಲೆಯ ಬುಡವನ್ನು ತೋರಿಸಿದರು. ಅಲ್ಲಿ ತರಗೆಲೆಯ ಹೊರತು ಏನೂ ಇಲ್ಲ.

ಊರ ಕಾನಿನಲ್ಲೊಂದು ವೀರಗಲ್ಲಿದೆ. ಕೆಳಗೆ ಕಾಳಗ, ನಡುವೆ ವೀರನನ್ನೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕುಳಿತವನು. ಅವನು ನಮ್ಮವನೇ ಎಂದು ಹೇಳಿಕೊಳ್ಳುವ ಮನೆಗಳು ಮೂರು. ಸೊರಬ, ಸಾಗರ, ನಗರ, ತೀರ್ಥಹಳ್ಳಿಗಳ ಶಾಸನಗಳನ್ನು ಬಿ. ಎಲ್. ರೈಸ್ ಅವರು 1904ರಲ್ಲಿ ಅಚ್ಚು ಹಾಕಿಸಿದ ಸಂಪುಟ ನೋಡಿದವರು ಇಂಥ ಹಕ್ಕನ್ನು ಅಷ್ಟು ಸಲೀಸಾಗಿ ಒಪ್ಪಲಾರರು. ವೀರಗಲ್ಲಿನ ಬರಹ ಹೇಳುವುದು ಆಳರಸನನ್ನು, ಕಾಳಗವನ್ನು, ಬಿದ್ದವನನ್ನು, ಅವನ ಮೊಮ್ಮಕ್ಕಳನ್ನಲ್ಲ.

ಖಾತೆಯಲ್ಲಿ ಹೆಂಗಸರಿಲ್ಲ. ಒಂಬತ್ತರಲ್ಲಿ ನಾಲ್ಕು ಗದ್ದುಗೆಗಳು ಅವರವು. ಅಜ್ಜಿಯದನ್ನು ನಾನೇ ಬಲ್ಲೆ. ಅದರ ಪಕ್ಕದ್ದು "ಕರೂರಮ್ಮನದು" ಎಂದರು ದೊಡ್ಡಪ್ಪ.

"ಹೆಸರು?"

"ಕರೂರು ಸೀಮೆಯಿಂದ ತಂದ ಹೆಣ್ಣು. ನಮ್ಮಪ್ಪನನ್ನು ಹೆತ್ತ ವಾರದಲ್ಲೇ ಹೋದಳಂತೆ. ಅಪ್ಪನಿಗೇ ಗೊತ್ತಿರಲಿಲ್ಲ ಕಣೋ, ನನಗೆಲ್ಲಿಂದ ಬರಬೇಕು?"

ಕರೂರು ಸಾಗರ ತಾಲ್ಲೂಕಿನಲ್ಲಿ, ಶರಾವತಿಯ ಆಚೆಗಿದೆ. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದು ಸುಮಾರು 300 ಚದರ ಕಿಲೋಮೀಟರಿನಷ್ಟು ನೆಲ ನೀರಿನಡಿಯಾಯಿತು. ಮುಳುಗಡೆಯವರ ಹಂಚು, ತೊಲೆ, ದೇವರ ಪೆಟ್ಟಿಗೆಗಳು ಲಾರಿಯನ್ನೇರಿದುವು, ಗದ್ದುಗೆಗಳು ಲಾರಿಯನ್ನೇರುವಂಥವಲ್ಲ. ಮಳೆ ಕೈಕೊಟ್ಟ ವರ್ಷಗಳಲ್ಲಿ, 1948ರ ಮಡೆನೂರು ಅಣೆಕಟ್ಟೆಯು ಹಿನ್ನೀರಿನಿಂದ ಮೇಲೆದ್ದಾಗ, ಮುಳುಗಡೆಯ ಮನೆಗಳವರು ಬಂದು ಒಡೆದ ಕೆಸರಿನ ಮೇಲೆ ತಿರುಗಾಡುತ್ತಾರೆ. ಹಾಗೆ ತಿರುಗುವವರ ಜೊತೆ ನಾನೂ ಒಮ್ಮೆ ನಡೆದೆ. ಕಲ್ಲುಗಳ ಸಾಲುಗಳಿದ್ದುವು. ಜಗಲಿಯ ಪಂಚಾಂಗವೋ ಗದ್ದುಗೆಯ ಬುಡವೋ, ಹೇಳುವವರಿಲ್ಲ. ಈಗಂತೂ 2025ರಲ್ಲಿ ತೆರೆದ ಸೇತುವೆಯ ಮೇಲೆ ವಾಹನಗಳು ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ ಕೆಲವೇ ನಿಮಿಷಗಳಲ್ಲಿ ದಾಟುತ್ತವೆ.

ಕರೂರಮ್ಮನ ತವರಿನವರು ಶಿವಮೊಗ್ಗೆಯ ಕಡೆಯ ಪುನರ್ವಸತಿಯ ಹಳ್ಳಿಯೊಂದರಲ್ಲಿದ್ದಾರೆಂದು ಸುದ್ದಿ ತಿಳಿದು ಹೋದೆ. ತೊಂಬತ್ತರ ಹಿರಿಯಮ್ಮನೊಬ್ಬರು ಜಗಲಿಯಲ್ಲಿ ಅಡಕೆ ಹೋಳು ಮಾಡುತ್ತಿದ್ದರು. ಆಗುಂಬೆಯ ಕಡೆಯವನೆಂದು ಹೇಳಿಕೊಂಡು, ಅಲ್ಲಿಗೆ ಕೊಟ್ಟ ಹೆಣ್ಣೊಬ್ಬರ ನೆನಪಿದೆಯೇ ಎಂದೆ. ಕತ್ತರಿಯನ್ನು ಕೆಳಗಿಟ್ಟು ನನ್ನ ಮುಖವನ್ನೇ ನೋಡಿದರು.

"ನಮ್ಮಪ್ಪನ ಅಕ್ಕ. ಬಾಣಂತನದಲ್ಲಿ ಹೋದಳಂತೆ. ಆಕೆಯ ಹೆಸರನ್ನೇ ನನಗಿಟ್ಟರು. ಆ ಕೂಸು ಬದುಕಿತೇನಪ್ಪ?"

ಬದುಕಿತೆಂದೂ, ನಾನು ಅದರ ಮೊಮ್ಮಗನೆಂದೂ ಹೇಳಿದೆ. ಊಟ ಮಾಡದೆ ಕಳಿಸಲಿಲ್ಲ.

ಹೆಸರನ್ನು ಬರೆದುಕೊಂಡು ಬಂದು ದೊಡ್ಡಪ್ಪನವರಿಗೆ ಓದಿ ಹೇಳಿದೆ. ಅವರು ಅದನ್ನು ಎರಡು ಸಲ ಹೇಳಿಸಿದರು. ಇನ್ನೆರಡು ಗದ್ದುಗೆಗಳ ತವರೂರು ಇನ್ನೂ ತಿಳಿಯಬೇಕಾಗಿದೆ; ಒಂದು ಹೊಸನಗರದ ಕಡೆಯದಿರಬೇಕೆಂದು ದೊಡ್ಡಪ್ಪನವರ ಊಹೆ. ಮಳೆ ಹಿಡಿಯುವ ಮುನ್ನ ಅತ್ತ ಹೋಗಬೇಕು.