ಅಂಟಿಲ್ಲದೆ ಕಟ್ಟುವ ಕಥೆಗಳು

ನವರಾತ್ರಿ ಹತ್ತಿರವಾದರೆ ಮೈಸೂರಿನ ಶ್ರೀರಾಂಪುರದಂಥ ಬಡಾವಣೆಗಳಲ್ಲಿ ಅಟ್ಟದ ಮೇಲಿನ ಟ್ರಂಕುಗಳು ಕೆಳಗಿಳಿಯುತ್ತವೆ. ಹಳೆ ಸೀರೆಯ ತುಂಡುಗಳಲ್ಲಿ ಸುತ್ತಿಟ್ಟ ಗೊಂಬೆಗಳು ಹೊರಬಂದು ಮೂರು, ಐದು, ಏಳು, ಒಂಬತ್ತು ಎಂದು ಬೆಸ ಸಂಖ್ಯೆಯ ಮೆಟ್ಟಿಲುಗಳ ಮೇಲೆ ನಿಲ್ಲುತ್ತವೆ. ಮೇಲೆ ಪಟ್ಟದ ರಾಜ-ರಾಣಿ, ಕೆಳಗೆ ಅಕ್ಕಿ ಬೇಳೆ ಹರಡಿಕೊಂಡು ಕುಳಿತ ಶೆಟ್ಟಿ ದಂಪತಿ, ಪಕ್ಕದಲ್ಲಿ ರಾಗಿ ಮೊಳಕೆ ಬರಿಸಿ ಮಾಡಿದ ಪಾರ್ಕು. ಮಕ್ಕಳಿರುವ ಮನೆಯಾದರೆ ಆ ಪಾರ್ಕಿನ ಮೂಲೆಯಲ್ಲಿ ಪ್ಲಾಸ್ಟಿಕ್ ಬ್ಲಾಕ್ಸ್ ಜೋಡಿಸಿದ ಒಂದು ಪುಟ್ಟ ಮನೆಗೂ ಜಾಗ ಸಿಗುವುದುಂಟು. ಗೊಂಬೆ ನೋಡಲು ಬಂದ ದೊಡ್ಡವರು ಅದರತ್ತ ಒಂದು ನಗೆ ಬೀರಿ ಮುಂದೆ ಸಾಗುತ್ತಾರೆ.

ಆದರೆ ಜಗತ್ತಿನ ಎಷ್ಟೋ ಊರುಗಳಲ್ಲಿ ಮೀಸೆ ನರೆತವರು, ಎಂಜಿನಿಯರುಗಳು, ಮೇಷ್ಟರುಗಳು, ಗೃಹಿಣಿಯರು ಇದೇ ಬ್ಲಾಕುಗಳನ್ನು ಹಿಡಿದು ತಿಂಗಳುಗಟ್ಟಲೆ ಕೂರುತ್ತಾರೆ. ಓದಿದ ಅದ್ಭುತ ಕಥೆಯ ಒಂದು ಕೋಟೆ, ಒಂದು ಕಣಿವೆ, ಒಂದು ಕಾಳಗ ಅವರ ಕೈಯಲ್ಲಿ ಎದ್ದು ನಿಲ್ಲುತ್ತದೆ. ಅದನ್ನು ಸ್ಪರ್ಧೆಗೆ ಒಯ್ಯುತ್ತಾರೆ. ಗೆದ್ದರೆ ಸಿಗುವ ಬಹುಮಾನ ಎಷ್ಟೋ ವೇಳೆ ಇನ್ನೊಂದು ಡಬ್ಬಿ ಬ್ಲಾಕು ಮಾತ್ರ. ಗೊಂಬೆ ಕೂರಿಸುವ ಊರಿಗೆ ಈ ಕಲೆಯ ಪರಿಚಯವಾಗಬೇಕು.

ಎಂಟು ಮಿಲಿಮೀಟರಿನ ಶಿಸ್ತು

ಡೆನ್ಮಾರ್ಕಿನ ಬಿಲುಂಡ್ ಎಂಬ ಸಣ್ಣ ಊರಿನ ಬಡಗಿ ಓಲೆ ಕಿರ್ಕ್ ಕ್ರಿಸ್ಟಿಯನ್ಸನ್ 1932ರಲ್ಲಿ ಮರದ ಆಟಿಕೆ ಮಾಡಲು ಶುರುಮಾಡಿದರು. ಅವರ ಲೆಗೊ ಕಂಪನಿ 1949ರಲ್ಲಿ ಪ್ಲಾಸ್ಟಿಕ್ ಇಟ್ಟಿಗೆಗಳನ್ನು ತಂದಿತು. ಆದರೆ ಆ ಮೊದಲ ಇಟ್ಟಿಗೆಗಳು ಒಳಗೆ ಟೊಳ್ಳು, ಒಂದರ ಮೇಲೊಂದು ಗಟ್ಟಿಯಾಗಿ ಕೂರುತ್ತಿರಲಿಲ್ಲ. 1958ರ ಜನವರಿ 28ರಂದು ಪೇಟೆಂಟಿಗೆ ಅರ್ಜಿ ಹಾಕಿದ ವಿನ್ಯಾಸದಲ್ಲಿ ಇಟ್ಟಿಗೆಯ ಹೊಟ್ಟೆಯೊಳಗೆ ಸಣ್ಣ ಕೊಳವೆಗಳು ಬಂದವು. ಕೆಳಗಿನ ಇಟ್ಟಿಗೆಯ ತಲೆಯ ಮೇಲಿರುವ ಉಬ್ಬು ಗುಂಡಿ, ಅಂದರೆ ಸ್ಟಡ್, ಈ ಕೊಳವೆಗೂ ಗೋಡೆಗೂ ನಡುವೆ ಬಿಗಿಯಾಗಿ ಸಿಕ್ಕಿಕೊಳ್ಳುತ್ತದೆ. ಎಳೆದರೆ ಬರುತ್ತದೆ, ಎಳೆಯದಿದ್ದರೆ ಕದಲುವುದಿಲ್ಲ. ಅಂದು ಮಾಡಿದ ಇಟ್ಟಿಗೆ ಇಂದು ಕೊಂಡ ಇಟ್ಟಿಗೆಯ ಮೇಲೂ ಸರಿಯಾಗಿ ಕೂರುತ್ತದೆ.

ಈ ಕಲೆಯ ಜೀವಾಳ ಅಳತೆಯಲ್ಲಿದೆ. ಒಂದು ಸ್ಟಡ್‌ನಿಂದ ಇನ್ನೊಂದಕ್ಕೆ 8 ಮಿ.ಮೀ. ಇಟ್ಟಿಗೆಯ ಎತ್ತರ 9.6 ಮಿ.ಮೀ. ‘ಪ್ಲೇಟ್’ ಎಂಬ ತೆಳ್ಳನೆಯ ತುಂಡು ಅದರ ಮೂರನೇ ಒಂದು ಪಾಲು, 3.2 ಮಿ.ಮೀ. ಐದು ಪ್ಲೇಟು ಒಂದರ ಮೇಲೊಂದು ಇಟ್ಟರೆ 16 ಮಿ.ಮೀ. ಆಗುತ್ತದೆ, ಎರಡು ಸ್ಟಡ್‌ಗಳ ಅಗಲವೂ ಅಷ್ಟೇ. ಹೀಗೆ ಎತ್ತರದ ಲೆಕ್ಕ ಅಗಲದ ಲೆಕ್ಕಕ್ಕೆ ತಾಳೆಯಾಗುವುದರಿಂದಲೇ ತುಂಡುಗಳನ್ನು ಅಡ್ಡಡ್ಡ ಮಲಗಿಸಿ, ತಲೆಕೆಳಗು ಮಾಡಿ ಕಟ್ಟಲು ಸಾಧ್ಯ. ಕಟ್ಟುವವರು ಈ ಉಪಾಯವನ್ನು ‘ಸ್ನಾಟ್’ ಎನ್ನುತ್ತಾರೆ: ಸ್ಟಡ್ ಮೇಲ್ಮುಖವಾಗಿಯೇ ಇರಬೇಕಿಲ್ಲ ಎಂಬ ತತ್ವ. ಗೋಡೆಯ ಕೆತ್ತನೆ, ಕಿಟಕಿಯ ಕಮಾನು, ಡ್ರ್ಯಾಗನ್ನಿನ ಕತ್ತಿನ ಬಾಗು ಇವೆಲ್ಲ ಹುಟ್ಟುವುದು ಇಲ್ಲಿಂದ.

ಸಾಧ್ಯತೆಗಳ ಹರವು ದೊಡ್ಡದು. ಎಂಟು ಸ್ಟಡ್‌ನ, ಒಂದೇ ಬಣ್ಣದ ಬರೀ ಆರು ಇಟ್ಟಿಗೆಗಳನ್ನು ಎಷ್ಟು ಬಗೆಯಲ್ಲಿ ಜೋಡಿಸಬಹುದು? ಕಂಪನಿ ಬಹುಕಾಲ ಹತ್ತು ಕೋಟಿ ಚಿಲ್ಲರೆ ಎಂದು ಹೇಳುತ್ತಿತ್ತು. ಡೆನ್ಮಾರ್ಕಿನ ಗಣಿತಜ್ಞ ಸೋರೆನ್ ಐಲರ್ಸ್ ಮತ್ತು ಸಂಗಡಿಗರು ಕಂಪ್ಯೂಟರಿನಲ್ಲಿ ಎಣಿಸಿ ನೋಡಿದಾಗ 91,51,03,765 ಬಗೆ ಎಂದು ತಿಳಿಯಿತು. ಹಳೆಯ ಲೆಕ್ಕ ಆರು ಅಂತಸ್ತಿನ ಗೋಪುರಗಳನ್ನಷ್ಟೇ ಎಣಿಸಿತ್ತು.

ಸ್ಪರ್ಧೆಯ ಕಟ್ಟುಪಾಡು

ಡಬ್ಬಿಯೊಳಗಿನ ಸೂಚನೆ ಪುಸ್ತಕ ನೋಡಿ ಕಟ್ಟಿದ್ದನ್ನು ಈ ಹವ್ಯಾಸಿಗಳ ಬಳಗ ಲೆಕ್ಕಕ್ಕೆ ಹಿಡಿಯುವುದಿಲ್ಲ. ಸ್ವಂತ ತಲೆಯಿಂದ ಬಂದದ್ದಕ್ಕೆ ಮಾತ್ರ ‘ಮಾಕ್’ ಎಂಬ ಹೆಸರು. ಕೋಟೆ-ಕೊತ್ತಲಗಳ ಪ್ರಿಯರಿಗೆಂದೇ ನಡೆದುಬಂದ ‘ಕೊಲಾಸಲ್ ಕ್ಯಾಸಲ್ ಕಾಂಟೆಸ್ಟ್’ನಂಥ ಸ್ಪರ್ಧೆಗಳಲ್ಲಿ ಹಲವು ವಿಭಾಗಗಳಿರುತ್ತವೆ. ನಿಯಮಗಳು ಸಾಮಾನ್ಯವಾಗಿ ಹೀಗೆ: ಮಾದರಿ ಸ್ಪರ್ಧೆಗೆಂದೇ ಹೊಸದಾಗಿ ಕಟ್ಟಿದ್ದಾಗಿರಬೇಕು, ಹೇಳಿದ ಅಳತೆಯ ತಳದೊಳಗೆ ಮುಗಿಯಬೇಕು, ಅಂಟು ಹಚ್ಚಬಾರದು, ಬಣ್ಣ ಬಳಿಯಬಾರದು, ತುಂಡನ್ನು ಕತ್ತರಿಸಬಾರದು. ತುಂಡಿನ ಮೇಲೆ ಒತ್ತಡ ಬಿದ್ದು ಬಾಗುವಂಥ ಜೋಡಣೆಯನ್ನು ‘ಇಲ್ಲೀಗಲ್’ ಎಂದು ತಮಾಷೆಯಾಗಿ ಕರೆಯುತ್ತಾರಾದರೂ ಅದನ್ನು ಕಂಡರೆ ಹುಬ್ಬು ಗಂಟಿಕ್ಕುವವರೇ ಹೆಚ್ಚು.

ನಿಯಮ ಇಷ್ಟು ಬಿಗಿಯಾಗಿರುವುದರಿಂದಲೇ ಜಾಣ್ಮೆಗೆ ಬೆಲೆ. ಬೇಕಾದ ಆಕಾರವನ್ನು ಕೊಯ್ದು ಮಾಡುವಂತಿಲ್ಲ. ಇರುವ ತುಂಡಿನಲ್ಲೇ ಅದನ್ನು ಕಾಣಬೇಕು. ಲೆಗೊ ಕಂಪನಿಯೇ 2021ರಲ್ಲಿ ತಂದ ಬೊನ್ಸಾಯ್ ಗಿಡದಲ್ಲಿ ಗುಲಾಬಿ ಬಣ್ಣದ ಹೂಗಳಾಗಿ ಅರಳಿರುವುದು ನೂರು ಪುಟಾಣಿ ಕಪ್ಪೆಗಳು. ಪ್ಯಾರಿಸ್ಸಿನ ಹೋಟೆಲಿನ ಮಾದರಿಯೊಂದರ ಮುಂಗೋಡೆಯ ಗಾರೆಗೆಲಸದಂಥ ಅಲಂಕಾರ ಕ್ರೊಸಾಂಟ್ ಬ್ರೆಡ್ಡು. ದೂರದಿಂದ ಹೂವು, ಹತ್ತಿರದಿಂದ ಕಪ್ಪೆ. ತೀರ್ಪುಗಾರರು ಮೊದಲು ಹುಡುಕುವುದು ಇಂಥ ಬೆರಗನ್ನು.

ಅದ್ಭುತ ಕಥೆಗಳೇ ಯಾಕೆ?

ಇಂಗ್ಲಿಷ್ ಲೇಖಕ ಟೋಲ್ಕಿನ್ 1937ರಲ್ಲಿ ‘ದ ಹಾಬಿಟ್’ ಪ್ರಕಟಿಸಿದರು, 1954-55ರಲ್ಲಿ ‘ದ ಲಾರ್ಡ್ ಆಫ್ ದ ರಿಂಗ್ಸ್’. ಲೆಗೊ ಕಂಪನಿ ಈ ಲೋಕಕ್ಕೆ ಅಧಿಕೃತವಾಗಿ ಕಾಲಿಟ್ಟಿದ್ದು 2012ರಲ್ಲಿ. ಅಭಿಮಾನಿಗಳು ಅಲ್ಲಿಯವರೆಗೆ ಕಾದು ಕೂರಲಿಲ್ಲ. 1978ರಿಂದ ಬರುತ್ತಿದ್ದ ಕೋಟೆ ಸೆಟ್ಟುಗಳ ಬೂದು ಇಟ್ಟಿಗೆ, ಸೈನಿಕರ ಟೋಪಿ, ಕತ್ತಿ ಗುರಾಣಿಗಳಲ್ಲೇ ಆ ಕಥೆಗಳ ಎಲ್ಫರನ್ನೂ ಕುಳ್ಳರನ್ನೂ ಹುಟ್ಟಿಸಿಕೊಂಡರು.

ಅಮೆರಿಕದ ಸಿಯಾಟಲ್ ಭಾಗದ ಆಲಿಸ್ ಫಿಂಚ್ ಈ ಹವ್ಯಾಸದ ದೊಡ್ಡ ಹೆಸರು. ಹ್ಯಾರಿ ಪಾಟರ್ ಕಥೆಯ ಹಾಗ್ವರ್ಟ್ಸ್ ಶಾಲೆಯನ್ನು ಅವರು ಸುಮಾರು ನಾಲ್ಕು ಲಕ್ಷ ತುಂಡುಗಳಲ್ಲಿ ಕಟ್ಟಿ, 2012ರಲ್ಲಿ ಅಲ್ಲಿನ ಬ್ರಿಕ್‌ಕಾನ್ ಮೇಳದಲ್ಲಿ ಇಟ್ಟರು. ಬಳಿಕ ಡೇವಿಡ್ ಫ್ರ್ಯಾಂಕ್ ಜತೆ ಸೇರಿ ಟೋಲ್ಕಿನ್ನನ ಎಲ್ಫರ ನೆಲೆ ರಿವೆಂಡೆಲ್ ಅನ್ನು ಸುಮಾರು ಎರಡು ಲಕ್ಷ ತುಂಡುಗಳಲ್ಲಿ ನಿಲ್ಲಿಸಿದರು. ಅದೇ ರಿವೆಂಡೆಲ್ ಅನ್ನು ಕಂಪನಿ 6,167 ತುಂಡುಗಳ ಸೆಟ್ಟಾಗಿ ಮಾರುಕಟ್ಟೆಗೆ ತಂದದ್ದು 2023ರಲ್ಲಿ. ದಾರಿ ತೋರಿದವರು ಅಭಿಮಾನಿಗಳು, ಹಿಂದೆ ಬಂದದ್ದು ಕಂಪನಿ.

ಸ್ಪರ್ಧೆಯಿಂದ ನೇರವಾಗಿ ಅಂಗಡಿಗೆ ಬಂದದ್ದೂ ಇದೆ. ಅಭಿಮಾನಿಗಳ ಕಲ್ಪನೆಗೆ ಕಂಪನಿ ನಡೆಸುವ ‘ಲೆಗೊ ಐಡಿಯಾಸ್’ ಯೋಜನೆಯಲ್ಲಿ ಒಂದು ಮಾದರಿಗೆ ಹತ್ತು ಸಾವಿರ ಜನರ ಬೆಂಬಲ ಸಿಕ್ಕರೆ ಕಂಪನಿ ಅದನ್ನು ಪರಿಶೀಲಿಸುತ್ತದೆ; ಸೆಟ್ಟಾದರೆ ನಿವ್ವಳ ಮಾರಾಟದ ಶೇ 1ರಷ್ಟು ಕಲ್ಪಿಸಿದವರಿಗೆ ಸಲ್ಲುತ್ತದೆ. ಈ ಯೋಜನೆಯಡಿ 2022ರಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಅದ್ಭುತಲೋಕದ ಆಟದ ವಸ್ತುವಿನ ಸ್ಪರ್ಧೆ ನಡೆಯಿತು. ಗೆದ್ದ ಲ್ಯೂಕಸ್ ಬೋಲ್ಟ್ ಅವರ ಕೆಂಪು ಡ್ರ್ಯಾಗನ್ 2024ರಲ್ಲಿ 3,745 ತುಂಡುಗಳ ಸೆಟ್ಟಾಯಿತು.

ಅದ್ಭುತ ಕಥೆಗೂ ಈ ಇಟ್ಟಿಗೆಗೂ ನಂಟು ಬೆಳೆಯಲು ಕಾರಣ ಸರಳ. ನಿಜವಾದ ಕಟ್ಟಡವನ್ನು ಕಟ್ಟಿದರೆ ನೋಡುವವನ ಕಣ್ಣು ತಪ್ಪು ಹುಡುಕುತ್ತದೆ. ಯಾರೂ ಕಾಣದ ಕೋಟೆಗೆ ನಕ್ಷೆಯಿಲ್ಲ. ಲೇಖಕ ನಾಲ್ಕು ಸಾಲಿನಲ್ಲಿ ಬಣ್ಣಿಸಿದ್ದನ್ನು ಓದುಗ ತನ್ನ ಮನಸ್ಸಿನಲ್ಲಿ ಪೂರ್ತಿ ಮಾಡಿಕೊಂಡಿರುತ್ತಾನೆ. ಇಟ್ಟಿಗೆಯಲ್ಲಿ ಕಟ್ಟಿದಾಗ ಒಬ್ಬ ಓದುಗನ ಓದು ಎಲ್ಲರ ಕಣ್ಣಿಗೂ ಕಾಣುತ್ತದೆ.

ಮೈಸೂರಿಗೆ ಹೊಸದಲ್ಲ

ತಯಾರಾದ ಬಿಡಿ ವಸ್ತುಗಳಲ್ಲಿ ಕಥೆ ಹೇಳುವುದು ಮೈಸೂರಿನವರಿಗೆ ಹಳೆಯ ವಿದ್ಯೆ. ಚನ್ನಪಟ್ಟಣದ ಆಲೆ ಮರದ ಅರಗಿನ ಗೊಂಬೆ, ಕೊಪ್ಪಳದ ಕಿನ್ನಾಳದ ಗೊಂಬೆ, ಆಂಧ್ರದ ಕೊಂಡಪಲ್ಲಿಯ ಗೊಂಬೆ ಎಲ್ಲವನ್ನೂ ಒಂದೇ ಜಗಲಿಯಲ್ಲಿ ತಂದು ದಶಾವತಾರವನ್ನೋ ಸೀತಾ ಕಲ್ಯಾಣವನ್ನೋ ಮನೆಯ ಹೆಂಗಸರು ನಿರ್ದೇಶಿಸುತ್ತ ಬಂದಿದ್ದಾರೆ. ಅರಮನೆಯ ಹೊಸ್ತಿಲಲ್ಲೇ ‘ಗೊಂಬೆ ತೊಟ್ಟಿ’ ಇದೆ. ನಜರ್‌ಬಾದಿನಲ್ಲಿ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ ದಸರೆಯ ಹೊತ್ತಿಗೆ ವರ್ಷವರ್ಷವೂ ‘ಬೊಂಬೆ ಮನೆ’ ತೆರೆಯುತ್ತದೆ. ಗೊಂಬೆ ಜೋಡಣೆಗೆ ಸ್ಪರ್ಧೆಗಳೂ ನಡೆಯುತ್ತವೆ. ಅಲ್ಲಿಯೂ ಬಹುಮಾನ ಬರುವುದು ಗೊಂಬೆಯ ಬೆಲೆಗಲ್ಲ, ಅದನ್ನು ಯಾವುದರ ಪಕ್ಕ ಯಾಕೆ ನಿಲ್ಲಿಸಿದಿರಿ ಎಂಬುದಕ್ಕೆ.

ಆದ್ದರಿಂದ ನಮ್ಮ ಮಕ್ಕಳು ಈ ಕಲೆಗೆ ಕೈ ಹಚ್ಚಲು ಹಾಗ್ವರ್ಟ್ಸ್‌ವರೆಗೆ ಹೋಗಬೇಕಿಲ್ಲ. ಬತ್ತೀಸ ಪುತ್ತಳಿ ಕಥೆಯನ್ನೇ ನೋಡಿ. ವಿಕ್ರಮಾದಿತ್ಯನ ಸಿಂಹಾಸನ, ಅದಕ್ಕೆ ಮೂವತ್ತೆರಡು ಗೊಂಬೆಗಳು. ಇಡೀ ಕಥೆಯನ್ನು ಕಟ್ಟಲಾಗದು, ಒಂದು ಗಳಿಗೆಯನ್ನು ಆರಿಸಬೇಕು: ಭೋಜರಾಜ ಹತ್ತಲು ಕಾಲೆತ್ತಿದ್ದಾನೆ, ಒಂದು ಗೊಂಬೆ ಮಾತ್ರ ಅವನತ್ತ ತಿರುಗಿದೆ, ಉಳಿದವು ಇನ್ನೂ ನಿಶ್ಚಲ. ಲೆಗೊದ ಮಿನಿಫಿಗರ್ ಎಂಬ ನಾಲ್ಕು ಸೆಂಟಿಮೀಟರಿನ ಮನುಷ್ಯನ ಎರಡು ಕಾಲೂ ಬೇರೆಬೇರೆಯಾಗಿ ಆಡುವುದರಿಂದ ಈ ದೃಶ್ಯ ಸುಲಭವಾಗಿ ಬರುತ್ತದೆ.

ಬೇತಾಳನ ಕಥೆ ಸ್ವಲ್ಪ ಕಠಿಣ, ಹಾಗೆಯೇ ರುಚಿ ಹೆಚ್ಚು. ಮರದಲ್ಲಿ ಶವ ತಲೆಕೆಳಗಾಗಿ ತೂಗಬೇಕು. ಅಂದರೆ ಕೊಂಬೆಯ ಸ್ಟಡ್‌ಗಳು ನೆಲದ ಕಡೆ ಮುಖ ಮಾಡಬೇಕು. ಮೇಲೆ ಹೇಳಿದ ‘ಸ್ನಾಟ್’ ಇಲ್ಲಿ ಅಲಂಕಾರವಲ್ಲ, ಅನಿವಾರ್ಯ. ಶವವನ್ನು ಹೆಗಲಿಗೇರಿಸಲು ಮಿನಿಫಿಗರಿನ ಕುತ್ತಿಗೆಗೆ ಸಿಕ್ಕಿಸಿ ಬೆನ್ನ ಹಿಂದೆ ಒಂದು ಸ್ಟಡ್ ಕೊಡುವ ತುಂಡೇ ಇದೆ.

ಮಹಾಭಾರತದ ಮಯಸಭೆಯಂತೂ ಈ ಇಟ್ಟಿಗೆಗೆಂದೇ ಬರೆದಂತಿದೆ. ಸ್ಟಡ್ ಇಲ್ಲದ ನುಣುಪಾದ ತುಂಡಿಗೆ ‘ಟೈಲ್’ ಎನ್ನುತ್ತಾರೆ. ಕಟ್ಟುವವರು ಅರಮನೆಯ ನೆಲಕ್ಕೂ ಅದನ್ನೇ ಹಾಸುತ್ತಾರೆ, ಕೊಳದ ನೀರಿಗೂ ಪಾರದರ್ಶಕವಾದ ಅದನ್ನೇ ಹಾಸುತ್ತಾರೆ. ನೆಲವೋ ನೀರೋ ತಿಳಿಯದೆ ದುರ್ಯೋಧನ ನಿಂತಿದ್ದರೆ ನೋಡುಗನಿಗೂ ತಿಳಿಯದು.

ಅರಮನೆ ಕಟ್ಟುವ ಆಸೆ ಮೈಸೂರಿನ ಯಾವ ಮಗುವಿಗಿಲ್ಲ? ಅಲ್ಲಿ ಲೆಕ್ಕ ಬೇಕು. ಮಿನಿಫಿಗರ್ ಅಳತೆಯೆಂದರೆ ನಿಜದ ಸುಮಾರು ನಲವತ್ತೆರಡನೇ ಒಂದು ಪಾಲು. ಆ ಅಳತೆಯಲ್ಲಿ 245 ಅಡಿ ಉದ್ದದ ಅರಮನೆ ಆರಡಿಗೆ ಸ್ವಲ್ಪ ಕಡಿಮೆ, 145 ಅಡಿಯ ಗೋಪುರ ಮೂರೂವರೆ ಅಡಿ ಆಗುತ್ತದೆ. ನಡುಮನೆ ಖಾಲಿ ಮಾಡಬೇಕಾದೀತು. ಅಂಥಲ್ಲಿ ‘ಮೈಕ್ರೊ’ ಅಳತೆಗೆ ಇಳಿಯುವುದು ಜಾಣತನ. ಒಂದು ಕಮಾನಿಗೆ ಒಂದೇ ತುಂಡು, ಒಂದು ಗುಮ್ಮಟಕ್ಕೆ ಒಂದೇ ಅರೆಗೋಳ.

ಖರ್ಚಿನ ಮಾತು

ಇದು ಅಗ್ಗದ ಹವ್ಯಾಸವಲ್ಲ. ಹೊರಗಿನಿಂದ ಬರುವ ಆಟಿಕೆಗಳ ಮೇಲಿನ ಸುಂಕವನ್ನು ಕೇಂದ್ರ ಸರ್ಕಾರ 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ ಶೇ 70ಕ್ಕೆ ಏರಿಸಿತು. ದೊಡ್ಡ ಸೆಟ್ಟಿನ ಬೆಲೆ ಮಧ್ಯಮ ವರ್ಗದ ಮನೆಯ ತಿಂಗಳ ಲೆಕ್ಕವನ್ನೇ ಅಲ್ಲಾಡಿಸೀತು. ಆದರೆ ಕಲಿಯಲು ದೊಡ್ಡ ಸೆಟ್ಟು ಬೇಡ. ಎಂಟು ಸ್ಟಡ್ ಉದ್ದ, ಎಂಟು ಸ್ಟಡ್ ಅಗಲದ ತಳದಲ್ಲಿ ಒಂದೇ ದೃಶ್ಯ ಕಟ್ಟುವ ‘ವಿನ್ಯೆಟ್’ ಎಂಬ ಪ್ರಕಾರವಿದೆ. ಅದು ಸುಮಾರು ಆರೂವರೆ ಸೆಂಟಿಮೀಟರು ಚೌಕ ಅಷ್ಟೇ. ಅಂಗೈ ಮೇಲೆ ಇಡಬಹುದು. ಅಕ್ಕಪಕ್ಕದ ಮನೆಗಳ ಹಳೆಯ ಡಬ್ಬಿಗಳನ್ನು ಒಂದೆಡೆ ಸುರಿದರೆ ಅದಕ್ಕೆ ಬೇಕಾದ್ದು ಸಿಗುತ್ತದೆ. ತುಂಡೇ ಇಲ್ಲದವರು ‘ಸ್ಟುಡಿಯೊ’ ಎಂಬ ಉಚಿತ ತಂತ್ರಾಂಶದಲ್ಲಿ ಕಂಪ್ಯೂಟರ್ ಪರದೆಯ ಮೇಲೆಯೇ ಕಟ್ಟಬಹುದು. ಬೇರೆ ಕಂಪನಿಗಳ ಬ್ಲಾಕುಗಳಲ್ಲೂ ಇದೇ ಪಾಠ ಕಲಿಯಲು ಅಡ್ಡಿಯಿಲ್ಲ. ಬಿಗಿ ಸ್ವಲ್ಪ ಹೆಚ್ಚುಕಡಿಮೆಯಾದೀತು, ಕಥೆ ಕೆಡದು.

ದಸರೆಯ ಗೊಂಬೆ ಸ್ಪರ್ಧೆ ನಡೆಸುವ ಸಂಘ-ಸಂಸ್ಥೆಗಳಿಗೆ, ಶ್ರೀರಾಂಪುರದ ನಿವಾಸಿಗಳ ಸಂಘಗಳಿಗೆ, ಶಾಲೆಗಳಿಗೆ ಒಂದು ಮನವಿ. ಮುಂದಿನ ನವರಾತ್ರಿಗೆ ಮಕ್ಕಳಿಗಾಗಿ ಒಂದು ಇಟ್ಟಿಗೆ ವಿಭಾಗ ಇಡಿ. ವಸ್ತು ಕನ್ನಡದಲ್ಲಿ ಓದಿದ ಒಂದು ಕಥೆಯಾಗಿರಲಿ, ತಳ ಎಂಟು ಸ್ಟಡ್ ಚೌಕವಿರಲಿ, ಅಂಟು ಬೇಡ. ತೀರ್ಪುಗಾರರಾಗಿ ವರ್ಷಗಳಿಂದ ಗೊಂಬೆ ಕೂರಿಸಿದ ಅಜ್ಜಿಯರನ್ನೇ ಕರೆಯಿರಿ. ಯಾವ ಗೊಂಬೆ ಎಲ್ಲಿ ನಿಂತರೆ ಕಥೆಯಾಗುತ್ತದೆ ಎಂಬುದು ಅವರಿಗೆ ಗೊತ್ತು. ಕಥೆ ಓದದೆ ಕಟ್ಟಲಾಗದು ಎಂಬುದು ಮಕ್ಕಳಿಗೆ ತಾನಾಗಿ ಗೊತ್ತಾಗುತ್ತದೆ.